ಅಕ್ಕಿ ಡಬ್ಬದಲ್ಲಿ ಸಿಕ್ಕ ನೋಟ್‌ಬುಕ್

ಆಗಸ್ಟ್ ತಿಂಗಳ ಒಂದು ಮಂಗಳವಾರ ರಾತ್ರಿ. ಕೊನೆಯ ಮೀಟಿಂಗ್ ಮುಗಿಸಿ, ಲ್ಯಾಪ್‌ಟಾಪ್ ಮುಚ್ಚಿ, ಅನ್ನಕ್ಕಿಡೋಣ ಅಂತ ಅಕ್ಕಿ ಡಬ್ಬಕ್ಕೆ ಪಾವು ಹಾಕಿದೆ. ಪಾವಿಗೆ ಏನೋ ತಗುಲಿತು. ಕೈ ಹಾಕಿ ಎಳೆದರೆ ಮಗಳ ಇಂಗ್ಲಿಷ್ ಕಾಪಿ ರೈಟಿಂಗ್ ನೋಟ್‌ಬುಕ್! ಎರಡು ದಿನದಿಂದ ಅದಕ್ಕಾಗಿ ಮನೆಯೆಲ್ಲ ಜಾಲಾಡಿದ್ದೆವು. ಸೋಫಾ ಕೆಳಗೆ ನೋಡಿದ್ದಾಯಿತು, ಸ್ಕೂಲ್ ವ್ಯಾನ್ ಡ್ರೈವರ್‌ಗೆ ಫೋನ್ ಮಾಡಿದ್ದಾಯಿತು, ಪಕ್ಕದ ಮನೆಯಲ್ಲೂ ವಿಚಾರಿಸಿದ್ದಾಯಿತು.

ಮಗಳನ್ನು ಕರೆದೆ. ಬಯ್ಯಬೇಕು ಅಂತಲೇ ಬಾಯಿ ತೆರೆದಿದ್ದೆ. ಅವಳು ಅಡುಗೆಮನೆ ಬಾಗಿಲಲ್ಲೇ ನಿಂತು, ಕಾಲ ಹೆಬ್ಬೆರಳನ್ನು ನೆಲಕ್ಕೆ ಉಜ್ಜುತ್ತಾ, ಮೆಲ್ಲಗೆ ಹೇಳಿದಳು: "ಅದು ಇಲ್ಲದಿದ್ರೆ ನೀನು ಚೆನ್ನಾಗಿ ಮಾತಾಡ್ತೀಯಲ್ಲ ಅಮ್ಮ. ಅದಕ್ಕೆ."

ಅವಳಿಗೆ ಆಗ ಆರು ವರ್ಷ ತುಂಬಿ ಮೂರು ತಿಂಗಳು. ಒಂದನೇ ಕ್ಲಾಸಿಗೆ ಸೇರಿ ಇನ್ನೂ ಮೂರು ತಿಂಗಳೂ ಆಗಿರಲಿಲ್ಲ. ಅಷ್ಟರಲ್ಲೇ ಪುಸ್ತಕ ಬಚ್ಚಿಡುವಷ್ಟು ಬುದ್ಧಿ ಕಲಿಸಿದ್ದು ಶಾಲೆಯಲ್ಲ, ನಾನು.

ಆವತ್ತಿನಿಂದ ಈ ಫೆಬ್ರವರಿವರೆಗೆ ನಮ್ಮನೆಯಲ್ಲಿ ಏನೇನು ಬದಲಾಯಿತು ಅನ್ನೋದನ್ನ ಇಲ್ಲಿ ಬರೀತಿದ್ದೀನಿ. ನಾನು ಟೀಚರ್ ಅಲ್ಲ, ಮಕ್ಕಳ ತಜ್ಞೆಯೂ ಅಲ್ಲ. ಕೋಡ್ ಬರೆದು ಸಂಬಳ ತಗೊಳ್ಳೋ ಎಂಜಿನಿಯರ್. ನಿಮ್ಮ ಮನೆಯಲ್ಲೂ ಒಂದನೇ ಕ್ಲಾಸಿನ ಮಗು ಇದ್ದರೆ, ಸಂಜೆ ಏಳೂವರೆಗೆ ನಿಮ್ಮ ದನಿಯೂ ಏರುತ್ತಿದ್ದರೆ, ಇದರಲ್ಲಿ ಒಂದೆರಡು ವಿಷಯ ನಿಮಗೂ ಉಪಯೋಗಕ್ಕೆ ಬರಬಹುದು.

ಏಳೂವರೆಯ ಟೇಬಲ್

ಆಗ ನಮ್ಮ ಸಂಜೆಗಳು ಹೀಗಿದ್ದವು. ಡೈನಿಂಗ್ ಟೇಬಲ್‌ನ ಒಂದು ಕಡೆ ನಾನು, ಎದುರಿಗೆ ಅವಳು. ನನ್ನ ಪಕ್ಕದಲ್ಲಿ ಫೋನ್, ಅದರಲ್ಲಿ ನಿಮಿಷಕ್ಕೊಂದು ಆಫೀಸ್ ಮೆಸೇಜ್. ಅವಳು "ಬಿ" ಬರೆಯೋ ಕಡೆ "ಡಿ" ಬರೆದರೆ "ಅಳಿಸು". ಮತ್ತೆ ಅದೇ ತಪ್ಪಾದರೆ "ನಿನ್ನೆ ತಾನೇ ಹೇಳಿಕೊಟ್ಟೆನಲ್ಲ!" ಅಳಿಸಿ ಅಳಿಸಿ ಪುಟ ತೂತು ಬಿದ್ದದ್ದೂ ಉಂಟು. ಕೆಲಸದಲ್ಲಿ ಎಂಥಾ ಎಡವಟ್ಟಾದರೂ ಟೀಮಿನ ಹೊಸ ಹುಡುಗರ ಹತ್ತಿರ ನಾನು ಯಾವತ್ತೂ ಹಾಗೆ ಮಾತಾಡಿದವಳಲ್ಲ.

ಇದರ ಹಿಂದೆ ಒಂದು ಹೆದರಿಕೆ ಇತ್ತು. ನಾನು ಹತ್ತನೇ ಕ್ಲಾಸಿನವರೆಗೆ ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದವಳು. ಪಿಯುಸಿ ಸೈನ್ಸ್‌ಗೆ ಬಂದಾಗ ಪುಸ್ತಕವೆಲ್ಲ ಇಂಗ್ಲಿಷ್. ಎಂಜಿನಿಯರಿಂಗ್ ಮೊದಲ ಸೆಮಿಸ್ಟರ್‌ನಲ್ಲಿ ಒಂದು ಡೌಟ್ ಕೇಳಬೇಕಾದರೂ ವಾಕ್ಯವನ್ನು ಮನಸ್ಸಲ್ಲೇ ಮೂರು ಸಲ ಜೋಡಿಸಿಕೊಳ್ತಿದ್ದೆ. ಜೋಡಿಸೋ ಹೊತ್ತಿಗೆ ಕ್ಲಾಸ್ ಮುಗಿದುಹೋಗ್ತಿತ್ತು. ಆ ಪಾಡು ನನ್ನ ಮಗಳಿಗೆ ಬೇಡ ಅಂತ ನಾನು ಹಟ ಹಿಡಿದಿದ್ದೆ. ಸಾಲದ್ದಕ್ಕೆ ಅಮ್ಮಂದಿರ ವಾಟ್ಸಾಪ್ ಗ್ರೂಪ್. ಅದರಲ್ಲಿ ಯಾರದೋ ಮಗು ಇಡೀ ಪುಟವನ್ನು ಪಟಪಟ ಓದುವ ವಿಡಿಯೋ ಬಂದ ದಿನ ನಮ್ಮನೆಯಲ್ಲಿ ಜಗಳ ಖಾತ್ರಿ.

ಹೆದರಿಕೆ ಬಾರದಿರಲಿ ಅಂತ ಹೊರಟವಳು ಮಗುವಿಗೆ ಹೆದರಿಕೆಯನ್ನೇ ಕಲಿಸಿಬಿಟ್ಟಿದ್ದೆ.

ಒಂದನೇ ಕ್ಲಾಸಿಗೆ ಎಷ್ಟು ಗೊತ್ತಿದ್ದರೆ ಸಾಕು?

ಆ ರಾತ್ರಿ ಮಗಳು ಮಲಗಿದ ಮೇಲೆ, ಪ್ರಾಜೆಕ್ಟ್ ಶುರು ಮಾಡುವ ಮೊದಲೇ ಮಾಡಬೇಕಾದ ಕೆಲಸವನ್ನು ತಡವಾಗಿ ಮಾಡಿದೆ. ನಿಜವಾಗಿ ಬೇಕಿರೋದು ಏನು ಅಂತ ಓದಿದೆ.

ಕೇಂದ್ರ ಸರ್ಕಾರ 2021ರ ಜುಲೈ 5ರಂದು ಶುರು ಮಾಡಿದ "ನಿಪುಣ್ ಭಾರತ್" ಯೋಜನೆಯಲ್ಲಿ ಪ್ರತಿ ತರಗತಿಗೂ ಗುರಿ ಬರೆದಿಟ್ಟಿದ್ದಾರೆ. ಒಂದನೇ ಕ್ಲಾಸ್ ಮುಗಿಯುವ ಹೊತ್ತಿಗೆ ಮಗು ತನ್ನ ವಯಸ್ಸಿಗೆ ತಕ್ಕ ಹೊಸ ಬರಹದಲ್ಲಿ ನಾಲ್ಕೈದು ಸರಳ ಪದಗಳಿರುವ ಚಿಕ್ಕ ವಾಕ್ಯವನ್ನು ಓದಬೇಕು. 99ರವರೆಗೆ ಸಂಖ್ಯೆಗಳನ್ನು ಓದಿ ಬರೆಯಬೇಕು. ಸರಳವಾದ ಕೂಡುವ, ಕಳೆಯುವ ಲೆಕ್ಕ ಮಾಡಬೇಕು. ನಿಮಿಷಕ್ಕೆ ಇಷ್ಟು ಪದ ಅನ್ನುವ ವೇಗದ ಲೆಕ್ಕ ಬರುವುದೇ ಎರಡನೇ ಕ್ಲಾಸಿನಲ್ಲಿ, ಅದೂ 45ರಿಂದ 60 ಪದ. ಇಡೀ ಯೋಜನೆಯ ಗುರಿಯೇ ಮೂರನೇ ಕ್ಲಾಸ್ ಮುಗಿಯುವಷ್ಟರಲ್ಲಿ ಓದು, ಬರಹ, ಲೆಕ್ಕದ ಬುನಾದಿ ಗಟ್ಟಿಯಾಗಬೇಕು ಅನ್ನೋದು. ನಾನು ಮೂರು ವರ್ಷದ ಕೆಲಸವನ್ನು ಮೂರು ತಿಂಗಳಲ್ಲಿ ಮುಗಿಸೋಕೆ ಹೊರಟಿದ್ದೆ.

ಇನ್ನೊಂದು, 2020ರ ಶಾಲಾ ಬ್ಯಾಗ್ ನೀತಿ. ಎರಡನೇ ಕ್ಲಾಸಿನವರೆಗೆ ಹೋಮ್‌ವರ್ಕ್ ಬೇಡ ಅಂತ ಅದರಲ್ಲಿದೆ. ಆ ವಯಸ್ಸಿನ ಮಕ್ಕಳು ತುಂಬಾ ಹೊತ್ತು ಕೂರಲಾರರು, ಅದರ ಬದಲು ಸಂಜೆ ಏನು ಆಟ ಆಡಿದೆ, ಏನು ತಿಂದೆ ಅಂತ ಕ್ಲಾಸಿನಲ್ಲಿ ಹೇಳಿಸಿ ಅನ್ನುತ್ತದೆ ಆ ನೀತಿ. ಎಲ್ಲ ಶಾಲೆಯೂ ಇದನ್ನು ಪಾಲಿಸುತ್ತೆ ಅಂತಲ್ಲ. ನಮ್ಮ ಮಗಳಿಗೂ ಕಾಪಿ ರೈಟಿಂಗ್ ಕೊಡ್ತಾರೆ. ಆದರೆ ಅವರು ಕೊಟ್ಟ ಒಂದು ಪುಟಕ್ಕೆ ನಾನು ಇನ್ನೂ ಮೂರು ಪುಟ ಸೇರಿಸುತ್ತಿದ್ದೆನಲ್ಲ, ಅದನ್ನು ಯಾರೂ ಕೇಳಿರಲಿಲ್ಲ.

ಅತ್ತೆ ತಂದ ಐದು ಅಕ್ಷರ

ಗೌರಿ ಹಬ್ಬಕ್ಕೆ ಅತ್ತೆ ಬಂದರು. ಅವರು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಸರ್ಕಾರಿ ಪ್ರೈಮರಿ ಶಾಲೆ ಟೀಚರಾಗಿದ್ದು ರಿಟೈರ್ ಆದವರು. ಮೊದಲ ದಿನ ಸಂಜೆ ನಮ್ಮ ಟೇಬಲ್ ಸೀನನ್ನು ಸುಮ್ಮನೆ ನೋಡಿದರು. ಮಗಳು ಎದ್ದು ಹೋದ ಮೇಲೆ ಹೇಳಿದರು:

"ನೋಡಮ್ಮ, ಎದುರುಗಡೆ ಕೂತ್ಕೋಬೇಡ, ಪಕ್ಕದಲ್ಲಿ ಕೂತ್ಕೋ. ಎದುರುಗಡೆ ಕೂತ್ರೆ ಇನ್‌ಸ್ಪೆಕ್ಟ್ರು ಬಂದಂಗಾಗುತ್ತೆ."

ನಕ್ಕುಬಿಟ್ಟೆ. ಆಮೇಲೆ ಯೋಚಿಸಿದರೆ ಅದರಲ್ಲಿ ಇನ್ನೊಂದು ವಿಷಯವೂ ಇತ್ತು. ಎದುರು ಕೂತರೆ ಅವಳ ಅಕ್ಷರಗಳೆಲ್ಲ ನನಗೆ ತಲೆಕೆಳಗು. ಅವಳು ನೋಡುತ್ತಿರುವುದನ್ನೇ ನಾನು ನೋಡುತ್ತಿರಲಿಲ್ಲ.

ಅತ್ತೆ ಕಲಿಸುತ್ತಿದ್ದದ್ದು ನಲಿ-ಕಲಿ ಪದ್ಧತಿಯಲ್ಲಿ. ಯುನಿಸೆಫ್ ನೆರವಿನಿಂದ 1995ರಲ್ಲಿ ಅದು ಶುರುವಾಗಿದ್ದೇ ಅವರ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ರಿಷಿ ವ್ಯಾಲಿಯಲ್ಲಿ ನಡೆಯುತ್ತಿದ್ದ ಪ್ರಯೋಗವನ್ನು ನೋಡಿ ಬಂದ ಇಲ್ಲಿನ ಟೀಚರ್‌ಗಳೇ ಸೇರಿ ನಮ್ಮ ಶಾಲೆಗಳಿಗೆ ತಕ್ಕಂತೆ ಅದನ್ನು ರೂಪಿಸಿದರು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅಲ್ಲಿ ಮಕ್ಕಳು ಗುಂಪಾಗಿ ಕೂತು, ಕಾರ್ಡುಗಳನ್ನು ಹಿಡಿದು, "ಕಲಿಕಾ ಏಣಿ"ಯ ಒಂದೊಂದೇ ಮೆಟ್ಟಿಲನ್ನು ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. ಪಕ್ಕದವಳು ಮುಂದಿನ ಮೆಟ್ಟಿಲಲ್ಲಿದ್ದರೆ ಇವಳು ಪೆದ್ದಿ ಅಂತ ಅರ್ಥವಲ್ಲ.

ಅತ್ತೆ ಅವತ್ತು ಒಂದು ಕ್ಯಾಲೆಂಡರ್ ಹಾಳೆಯ ಹಿಂದೆ ಐದು ಅಕ್ಷರ ಬರೆದರು: ರ, ಗ, ಸ, ದ, ಅ. ನಲಿ-ಕಲಿಯಲ್ಲಿ ಅ ಆ ಇ ಈ ಇಂದ ಶುರು ಮಾಡುವುದಿಲ್ಲ, ಇಲ್ಲಿಂದ ಶುರು. ಯಾಕೆ ಅಂತ ಕೇಳಿದೆ. "ಅ ಆ ಇ ಈ ಅಷ್ಟೂ ಕಲಿತ ಮೇಲೆ ಮಗು ಯಾವ ಪದ ಓದುತ್ತೆ ಹೇಳು?" ಅಂದರು. ಯೋಚಿಸಿದೆ. ಹೆಚ್ಚುಕಡಿಮೆ ಯಾವುದೂ ಇಲ್ಲ! ಆದರೆ ಈ ಐದೇ ಅಕ್ಷರದಿಂದ ಸರ, ದರ, ರಸ, ಅರಸ, ಅಗಸ, ದಸರ ಎಲ್ಲ ಓದಬಹುದು. ಮಗಳಿಗೆ ತುಂಬಾ ಹಿಡಿಸಿದ್ದು "ಗರಗಸ". ಅವಳು ಅದನ್ನು ಓದಿ, ಕೈಯಲ್ಲೇ ಸೋಫಾ ಕುಯ್ದು, ಅಪ್ಪನ ಕಾಲು ಕುಯ್ದು, ರಾತ್ರಿ ಚಪಾತಿಯನ್ನೂ ಗರಗಸದಲ್ಲೇ ಕುಯ್ದಳು. ಮೂರು ತಿಂಗಳಲ್ಲಿ ಅವಳು ಒಂದು ಪದ ಓದಿ ನಕ್ಕಿದ್ದು ಅದೇ ಮೊದಲು.

ಓದು: ಒಂದು ಸಲಕ್ಕೆ ಒಂದೇ ಹೊಸದು

ಕನ್ನಡದಲ್ಲಿ ವ್ಯಂಜನ 34. ಒಂದೊಂದಕ್ಕೂ ಅಂ, ಅಃ ಸೇರಿ 15 ರೂಪ. ಗುಣಿಸಿದರೆ 510. ಅಬ್ಬಾ ಅನ್ನಿಸುತ್ತೆ. ಆದರೆ ಮಗು 510 ಚಿತ್ರ ನೆನಪಿಡಬೇಕಾಗಿಲ್ಲ, ಒಂದು ಗುರುತು ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ಥರ ಕೂರುತ್ತೆ ಅನ್ನೋದು ತಿಳಿದರೆ ಸಾಕು. ನಾವು ಒಂದು ವಾರ ಬರೀ ಗುಡಿಸು ಆಡಿದೆವು. ಗೊತ್ತಿರೋ ಅಕ್ಷರಕ್ಕೆ ಗುಡಿಸು ಹಾಕು, ಏನಾಗುತ್ತೆ? ಗರಿ, ಸರಿ, ಗಿರಿ, ಸಿರಿ. ಮುಂದಿನ ವಾರ ಕೊಂಬು. ಅದರ ಮುಂದಿನ ವಾರ ಏತ್ವ. ಒತ್ತಕ್ಷರದ ತಂಟೆಗೆ ನಾವಾಗಿ ಹೋಗಲಿಲ್ಲ, ಶಾಲೆಯಲ್ಲಿ ಬರುವವರೆಗೆ ಕಾದೆವು.

ಇಂಗ್ಲಿಷ್ ಕಥೆಯೇ ಬೇರೆ. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಸದ್ದು. "ಮ", "ರ" ಅಂದರೆ "ಮರ" ಬಂದೇಬಿಡುತ್ತೆ. ಇಂಗ್ಲಿಷಿನಲ್ಲಿ "ಸಿ, ಎ, ಟಿ" ಅಂತ ಎಷ್ಟು ಸಲ ಕೂಗಿದರೂ "ಕ್ಯಾಟ್" ಹುಟ್ಟಲ್ಲ. ನಾನು ಮಗಳಿಗೆ ಹೆಸರನ್ನಷ್ಟೇ ಉರು ಹೊಡೆಸಿ, ಓದು ಯಾಕೆ ಬರ್ತಿಲ್ಲ ಅಂತ ರೇಗುತ್ತಿದ್ದೆ. ಅಕ್ಷರದ ಸದ್ದು ಹೇಳೋಕೆ ಶುರು ಮಾಡಿದ ಮೇಲೆ, ಮೂರು ಅಕ್ಷರದ ಸಣ್ಣ ಪದಗಳು ತಾವಾಗಿಯೇ ಬಿಡಿಸಿಕೊಂಡವು. ಕನ್ನಡದಲ್ಲಿ ಸದ್ದು ಸೇರಿಸಿ ಓದುವುದು ಬಂದ ಮೇಲೆ ಇಂಗ್ಲಿಷಿನಲ್ಲೂ ಅವಳ ಧೈರ್ಯ ಹೆಚ್ಚಿತು. ಕನ್ನಡ ಓದಿಸಿದರೆ ಇಂಗ್ಲಿಷ್ ಹಿಂದೆ ಬೀಳುತ್ತೆ ಅನ್ನೋ ನನ್ನ ಭಯ ಅಲ್ಲಿಗೆ ಅರ್ಧ ಇಳಿಯಿತು.

ದಿನಾ ನಾವು ಮಾಡುವುದು ಇಷ್ಟು. ಮೊದಲು ನಾವು ಓದುತ್ತೇವೆ, ಪದದ ಕೆಳಗೆ ಬೆರಳಿಟ್ಟು. ಆಮೇಲೆ ಅವಳು ಒಂದು ಸಾಲು. ಸಿಕ್ಕಿಹಾಕಿಕೊಂಡರೆ ಮನಸ್ಸಲ್ಲೇ ಐದು ಎಣಿಸುವವರೆಗೆ ನಾನು ಬಾಯಿ ಬಿಡಲ್ಲ. ಈ ಐದು ಸೆಕೆಂಡ್ ನನಗೆ ಅವಳಿಗಿಂತ ಕಷ್ಟ! ಆಗಲೂ ಬಾರದಿದ್ದರೆ ಪದ ಹೇಳಿಕೊಟ್ಟು ಮುಂದೆ ಹೋಗುತ್ತೇವೆ. ಕಥೆ ನಿಲ್ಲಬಾರದು.

ಪುಸ್ತಕಕ್ಕೆ ದುಡ್ಡು ಸುರಿಯಬೇಕಿಲ್ಲ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ. ಕಥೆಗಳನ್ನು ಹಂತ ಹಂತವಾಗಿ ವಿಂಗಡಿಸಿದ್ದಾರೆ, ಒಂದನೇ ಹಂತದಿಂದ ಶುರು ಮಾಡಿ. ಇನ್ನು ಬೀದಿಯೇ ದೊಡ್ಡ ಪುಸ್ತಕ. ಸ್ಕೂಟರ್ ಮುಂದೆ ನಿಂತ ಮಗಳು ಸಿಗ್ನಲ್‌ಗಳಲ್ಲಿ ಬೋರ್ಡ್ ಓದುತ್ತಾಳೆ. ಬೆಳಗ್ಗೆ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳುವಾಗ "ನಂದಿನಿ"ಯಲ್ಲಿ ನ ಎರಡು ಸಲ ಬಂದಿದೆ ಅಂತ ಕಂಡುಹಿಡಿದವಳು ಅವಳೇ. ಇಷ್ಟು ವರ್ಷ ಆ ಪ್ಯಾಕೆಟ್ ಕತ್ತರಿಸಿದ ನಾನು ಅದನ್ನು ಒಂದು ದಿನವೂ ಗಮನಿಸಿರಲಿಲ್ಲ.

ಬರಹ: ಪೆನ್ಸಿಲ್‌ಗಿಂತ ಮೊದಲು ಬೆರಳು

ಮಗಳು ಎರಡು ಸಾಲು ಬರೆದು "ಕೈ ನೋವು" ಅಂದಾಗಲೆಲ್ಲ ಕಳ್ಳಾಟ ಅಂದುಕೊಳ್ಳುತ್ತಿದ್ದೆ. ಅತ್ತೆ ಅವಳ ಬೆರಳು ಹಿಡಿದು ನೋಡಿ, "ಬೆರಳಿಗಿನ್ನೂ ಶಕ್ತಿ ಬಂದಿಲ್ಲ" ಅಂದರು. ಅಲ್ಲಿಂದ ಚಪಾತಿ ಹಿಟ್ಟಿನ ಸಣ್ಣ ಉಂಡೆ ಮಾಡೋದು, ಬಟ್ಟೆಗೆ ಕ್ಲಿಪ್ ಹಾಕೋದು, ಶುಕ್ರವಾರ ರಂಗೋಲಿಗೆ ಚುಕ್ಕಿ ಇಡೋದು ಎಲ್ಲ ಅವಳ ಪಾಲಿಗೆ ಬಂತು. ಡಿಸೆಂಬರ್‌ನಲ್ಲಿ ಅವರೆಕಾಯಿ ಕಾಲ ಬಂದಾಗ ನೆನೆಸಿದ ಕಾಳನ್ನು ಹಿತುಕುವುದು ಅವಳಿಗೆ ಹಬ್ಬ. ಸಿಪ್ಪೆಯಿಂದ ಬೇಳೆ ಪುಳಕ್ಕನೆ ಹಾರಿ ಗೋಡೆಗೆ ಬಡಿಯುತ್ತಿತ್ತು. ಸಾರಿಗೆ ಬೇಳೆ ಸ್ವಲ್ಪ ಕಡಿಮೆಯಾಯಿತು, ಬೆರಳಿಗೆ ವ್ಯಾಯಾಮ ಚೆನ್ನಾಗಿ ಆಯಿತು.

ಹೊಸ ಅಕ್ಷರ ಬಂದಾಗ ಮೊದಲು ತಟ್ಟೆಯಲ್ಲಿ ರವೆ ಹರಡಿ ಬೆರಳಲ್ಲಿ ಬರೆಯುತ್ತಾಳೆ. ಅಕ್ಷರಾಭ್ಯಾಸದ ದಿನ ಅಕ್ಕಿಯ ಮೇಲೆ ಬರೆಸುತ್ತೇವಲ್ಲ, ಅದೇ. ತಪ್ಪಾದರೆ ತಟ್ಟೆ ಅಲ್ಲಾಡಿಸಿದರೆ ಮುಗಿಯಿತು. ಅಳಿಸೋ ರಬ್ಬರ್ ಇಲ್ಲ, ತೂತು ಬೀಳೋ ಪುಟ ಇಲ್ಲ.

"ಬಿ" ಮತ್ತು "ಡಿ" ಅದಲುಬದಲಾಗೋದು, 3 ಉಲ್ಟಾ ಬರೆಯೋದು ಈ ವಯಸ್ಸಿನಲ್ಲಿ ಸಾಮಾನ್ಯ. ಒಂದು ಲೋಟವನ್ನು ಎತ್ತ ತಿರುಗಿಸಿದರೂ ಲೋಟವೇ. ಅಕ್ಷರ ಮಾತ್ರ ತಿರುಗಿಸಿದರೆ ಬೇರೆಯಾಗುತ್ತೆ ಅನ್ನೋದು ಆರು ವರ್ಷದ ಮಗುವಿಗೆ ಹೊಸ ವಿಷಯ. ಕನ್ನಡದಲ್ಲಿ ಮ, ವ ಕೂಡ ಹಾಗೇ ಕಾಡಿದವು. ಈಗ ನಾನು ದಿನಕ್ಕೆ ಒಂದು ತಪ್ಪನ್ನು ಮಾತ್ರ ಹಿಡಿಯುತ್ತೇನೆ. ಅದಕ್ಕಿಂತ ಮೊದಲು, ಆ ಪುಟದಲ್ಲಿ ಚೆನ್ನಾಗಿ ಬಂದಿರೋ ಒಂದು ಅಕ್ಷರಕ್ಕೆ ಅವಳ ಹತ್ತಿರವೇ ಸುತ್ತು ಹಾಕಿಸುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಶನಿವಾರದ ಸಾಮಾನಿನ ಚೀಟಿ. ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. ಒತ್ತು ಬಾರದಿದ್ದ ದಿನಗಳಲ್ಲಿ ಈರುಳ್ಳಿ "ಈರುಳಿ", ಬಾಳೆಹಣ್ಣು "ಬಾಳೆಹಣು". ತಿದ್ದಲಿಲ್ಲ. ಚೀಟಿಯನ್ನು ಅಂಗಡಿ ಅಂಕಲ್ ಕೈಗೆ ಅವಳೇ ಕೊಟ್ಟಳು. ಅವರು ಗಂಭೀರವಾಗಿ ಓದಿ, ಈರುಳ್ಳಿ ತೂಗಿ, ಬಾಳೆಹಣ್ಣು ಕೊಟ್ಟರು. ಮನೆಗೆ ಬರೋವರೆಗೂ ಅವಳದ್ದು ಒಂದೇ ಮಾತು: "ಅಮ್ಮ, ನಾನು ಬಾಯಲ್ಲಿ ಏನೂ ಹೇಳ್ಲೇ ಇಲ್ಲ!" ಬರಹ ಅಂದರೆ ಏನು ಅಂತ ಆವತ್ತು ಅವಳಿಗೆ ಗೊತ್ತಾಯಿತು. ನನ್ನ ನೂರು ಪುಟ ಕಾಪಿ ರೈಟಿಂಗ್ ಅದನ್ನು ಹೇಳಿಕೊಟ್ಟಿರಲಿಲ್ಲ.

ಲೆಕ್ಕ: ಹುಣಸೆ ಬೀಜ, ಹತ್ತು ರೂಪಾಯಿ

"ಟ್ವೆಂಟಿ ಒನ್ ಬರಿ" ಅಂದರೆ ಮಗಳು 201 ಬರೆಯುತ್ತಿದ್ದಳು. ಟ್ವೆಂಟಿಗೆ 20, ಪಕ್ಕಕ್ಕೆ 1. ಕೇಳಿದ್ದನ್ನು ಹಾಗೇ ಬರೆದಿದ್ದಾಳೆ, ಅವಳ ತರ್ಕ ಸರಿಯಾಗೇ ಇದೆ. "ಥರ್ಟೀನ್" ಮತ್ತು "ಥರ್ಟಿ" ಅಂತೂ ಅವಳ ಕಿವಿಗೆ ಒಂದೇ. ಆಗ ನನ್ನ ಗಂಡ ಕನ್ನಡದಲ್ಲಿ ಎಣಿಸೋಣ ಅಂದರು. ಹದಿಮೂರು ಅಂದರೆ ಹತ್ತು ಮತ್ತು ಮೂರು, ಹದಿನೈದು ಅಂದರೆ ಹತ್ತು ಮತ್ತು ಐದು. ಹತ್ತು ಎಲ್ಲಿದೆ ಅಂತ ಹೆಸರಿನಲ್ಲೇ ಕೇಳುತ್ತೆ. ಹದಿಮೂರು, ಮೂವತ್ತು ಯಾವತ್ತೂ ಗಲಿಬಿಲಿ ಆಗಲಿಲ್ಲ.

ಜೊತೆಗೆ ಚಿಲ್ಲರೆ ಡಬ್ಬ ತೆಗೆದೆವು. ಒಂದು ರೂಪಾಯಿ ನಾಣ್ಯ ಹತ್ತು ಸೇರಿದರೆ ನನ್ನ "ಬ್ಯಾಂಕ್"ಗೆ ಕೊಟ್ಟು ಒಂದು ಹತ್ತರ ನೋಟು ತಗೊಳ್ಳಬೇಕು. ಇಪ್ಪತ್ತೊಂದು ಅಂದರೆ ಎರಡು ನೋಟು, ಒಂದು ನಾಣ್ಯ. ಅದನ್ನೇ ಬರಿ: 2, 1. ವಾರದಲ್ಲಿ 201 ಮಾಯ. ಬಿಡಿ, ಹತ್ತು ಅನ್ನೋ ಸ್ಥಾನಬೆಲೆ ಪಾಠಕ್ಕೆ ಇದಕ್ಕಿಂತ ಸುಲಭದ ಸಾಧನ ನನಗೆ ಸಿಕ್ಕಿಲ್ಲ.

ಬೆರಳು ಎಣಿಸಬೇಡ, ಮನಸ್ಸಲ್ಲಿ ಮಾಡು ಅಂತ ನಾನು ಮೊದಲು ಗದರುತ್ತಿದ್ದೆ. ಅದೂ ತಪ್ಪೇ. ಬೆರಳು ಮಗುವಿನ ಮೊದಲ ಮಣಿಚೌಕಟ್ಟು. ಬೇಡವಾದಾಗ ತಾನೇ ಬಿಡುತ್ತೆ.

ದಸರಾ ರಜೆಗೆ ಊರಿಗೆ ಹೋದಾಗ ಅಟ್ಟದಿಂದ ಅಳಗುಳಿಮಣೆ ಇಳಿಸಿ ತಂದೆವು. ಹದಿನಾಲ್ಕು ಗುಳಿ, ಒಂದೊಂದಕ್ಕೆ ನಾಲ್ಕು ಹುಣಸೆ ಬೀಜ. ಗುಳಿಗೊಂದರಂತೆ ಬೀಜ ಬಿಡುತ್ತಾ ಹೋಗುವಾಗ ಬಾಯಿ ತಾನಾಗಿ ಎಣಿಸುತ್ತೆ. ನನ್ನ ಕೈಲಿರೋ ಬೀಜ ಎಲ್ಲಿಗೆ ಮುಗಿಯುತ್ತೆ ಅಂತ ಮುಂದಾಲೋಚನೆ ಮಾಡೋಕೆ ಕೂಡುವ ಲೆಕ್ಕ ಬೇಕೇ ಬೇಕು. ಹೇಗೂ ಗೆಲ್ಲಬೇಕಲ್ಲ! ಜನವರಿಯಲ್ಲಿ ಒಂದು ದಿನ ಎಂಟಕ್ಕೆ ಐದು ಸೇರಿಸಿ ಥಟ್ಟನೆ ಹದಿಮೂರು ಅಂದಳು. "ಹೇಗೆ ಗೊತ್ತಾಯ್ತು?" ಅಂತ ಕೇಳಿದೆ. "ಐದರಲ್ಲಿ ಎರಡು ಎಂಟಕ್ಕೆ ಕೊಟ್ಟೆ, ಹತ್ತಾಯ್ತು. ಮೂರು ಉಳೀತು." ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅಂದಿನಿಂದ ಉತ್ತರ ಸರಿಯಿರಲಿ, ತಪ್ಪಿರಲಿ, ಹೇಗೆ ಗೊತ್ತಾಯ್ತು ಅಂತ ಕೇಳುವುದು ಅಭ್ಯಾಸವಾಗಿದೆ. ತಪ್ಪು ಉತ್ತರದ ಹಿಂದೆಯೂ ಬಹಳ ಸಲ ಒಂದು ಒಳ್ಳೆಯ ಕಾರಣ ಇರುತ್ತೆ.

ದಿನಕ್ಕೆ ಹದಿನೈದು ನಿಮಿಷ

ನಮ್ಮಂಥ ಕೆಲಸದಲ್ಲಿರುವವರಿಗೆ ಸಮಯ ಎಲ್ಲಿದೆ ಅನ್ನೋದು ನಿಜವಾದ ಪ್ರಶ್ನೆ. ಮನೆ ತಲುಪೋ ಹೊತ್ತಿಗೆ ನಮಗೂ ಸುಸ್ತು, ಮಗುವಿಗೂ ಸುಸ್ತು. ಹಾಗಾಗಿ ನಮ್ಮನೆಯ ನಿಯಮಗಳು ತೀರಾ ಚಿಕ್ಕವು.

ದಿನಕ್ಕೆ ಹದಿನೈದೇ ನಿಮಿಷ. ಟೈಮರ್ ಇಡುವವಳು ಮಗಳು. ಇನ್ನೂ ಬೇಕು ಅಂತ ಅನ್ನಿಸುವಾಗಲೇ ನಿಲ್ಲಿಸಬೇಕು ಅನ್ನೋದು ಅತ್ತೆಯ ಮಾತು.

ಫೋನ್ ಬೇರೆ ರೂಮಿನಲ್ಲಿ. ಒಂದು ಕಣ್ಣು ಮೆಸೇಜ್ ಮೇಲಿದ್ದರೆ ಮಗುವಿಗೆ ತಕ್ಷಣ ಗೊತ್ತಾಗುತ್ತೆ.

ಒಂದು ದಿನ ಓದು, ಒಂದು ದಿನ ಲೆಕ್ಕದ ಆಟ. ಬರಹಕ್ಕೆ ಶಾಲೆಯ ಪುಟ, ಶನಿವಾರದ ಚೀಟಿ ಸಾಕು. ಮಲಗುವಾಗ ಕಥೆ ಓದಿ ಹೇಳುವುದು ಈ ಲೆಕ್ಕಕ್ಕೆ ಸೇರಲ್ಲ, ಅದು ದಿನಾ ಇದ್ದೇ ಇರುತ್ತೆ.

ಸೋಮವಾರ, ಬುಧವಾರ, ಶುಕ್ರವಾರ ನನ್ನ ಗಂಡನ ಪಾಳಿ. "ಹೆಲ್ಪ್ ಮಾಡ್ತೀನಿ" ಅನ್ನೋದಲ್ಲ, ಪೂರ್ತಿ ಅವರದ್ದೇ ಜವಾಬ್ದಾರಿ. ಅವರು ಓದಿದರೆ ಕಥೆಯ ಕರಡಿಗೆ ನಮ್ಮ ಅಪಾರ್ಟ್‌ಮೆಂಟ್ ಸೆಕ್ರೆಟರಿಯ ದನಿ ಬರುತ್ತೆ, ನನ್ನ ಪಾಳಿಗಿಂತ ಅದಕ್ಕೇ ಡಿಮ್ಯಾಂಡ್ ಜಾಸ್ತಿ.

ನಾನು ಸಿಟ್ಟಲ್ಲಿದ್ದ ದಿನ ರಜೆ. ಅವಳದ್ದಲ್ಲ, ನನ್ನ ಸಿಟ್ಟು. ಒಂದು ದಿನ ಬಿಟ್ಟರೆ ಏನೂ ಆಗಲ್ಲ, ಕಿರುಚಿದ ಒಂದು ದಿನವನ್ನು ಸರಿ ಮಾಡೋಕೆ ವಾರ ಬೇಕು.

ನಲಿ-ಕಲಿ ಕೋಣೆಯಲ್ಲಿ ತಲೆ ಮೇಲೆ "ಚಪ್ಪರ" ಕಟ್ಟಿ ಮಕ್ಕಳು ಮಾಡಿದ್ದನ್ನೆಲ್ಲ ತೂಗುಹಾಕುತ್ತಾರಂತೆ. ನಾವೂ ಹಾಲ್‌ನಲ್ಲಿ ಒಂದು ದಾರ ಕಟ್ಟಿ ಕ್ಲಿಪ್ ಹಾಕಿದ್ದೇವೆ. ಸಾಮಾನಿನ ಚೀಟಿ, ಉಲ್ಟಾ 3, ಗರಗಸದ ಚಿತ್ರ ಎಲ್ಲಕ್ಕೂ ಅಲ್ಲಿ ಜಾಗ ಉಂಟು.

ಯಾವಾಗ ಸುಮ್ಮನಿರಬಾರದು?

ತಾಳ್ಮೆ ಬೇಕು ಅಂತ ಎಲ್ಲವನ್ನೂ ಬಿಟ್ಟುಬಿಡಬೇಕು ಅಂತಲ್ಲ. ಮಗು ಪುಸ್ತಕವನ್ನು ಮುಖದ ಹತ್ತಿರ ಹಿಡಿದರೆ, ಬೋರ್ಡ್ ನೋಡಲು ಕಣ್ಣು ಕಿರಿದು ಮಾಡಿದರೆ, ಓದುವಾಗ ತಲೆನೋವು ಅಂದರೆ ಮೊದಲು ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಕರೆದಾಗ ಕೇಳಿಸದಿದ್ದರೆ ಕಿವಿ ಪರೀಕ್ಷೆ ಮಾಡಿಸಿ. ನಾವೂ ಕಣ್ಣು ತೋರಿಸಿಕೊಂಡು ಬಂದೆವು, ತೊಂದರೆ ಇರಲಿಲ್ಲ. ತಿಂಗಳುಗಟ್ಟಲೆ ದಿನವೂ ಆಡಿಸಿ ಓದಿಸಿದರೂ ಅಕ್ಷರಗಳು ನಿಲ್ಲುತ್ತಲೇ ಇಲ್ಲ, ಸದ್ದುಗಳನ್ನು ಬಿಡಿಸೋಕೆ ಆಗುತ್ತಲೇ ಇಲ್ಲ ಅನ್ನಿಸಿದರೆ ಕ್ಲಾಸ್ ಟೀಚರ್ ಹತ್ತಿರ ಮುಚ್ಚುಮರೆಯಿಲ್ಲದೆ ಮಾತಾಡಿ. ಅಗತ್ಯ ಬಿದ್ದರೆ ಮಕ್ಕಳ ಡಾಕ್ಟರ್ ಮೂಲಕ ತಜ್ಞರನ್ನು ಕಾಣಬಹುದು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ವಿಭಾಗವೇ ಇದೆ. ಮಗುವಿಗೆ ಸೋಮಾರಿ, ದಡ್ಡ ಅಂತ ಹಣೆಪಟ್ಟಿ ಮಾತ್ರ ಅಂಟಿಸಬೇಡಿ. ಅಂಟಿಸಿದ್ದನ್ನು ಕೀಳುವುದು ಬಹಳ ಕಷ್ಟ.

ಈಗ ಹೇಗಿದ್ದೇವೆ

ಮಗಳು ಕ್ಲಾಸಿಗೆ ಫಸ್ಟ್ ಅಲ್ಲ. ಕಳೆದ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಟೀಚರ್ "ನಿಧಾನಕ್ಕೆ ಓದ್ತಾಳೆ, ಆದ್ರೆ ಅರ್ಥ ಮಾಡ್ಕೊಂಡು ಓದ್ತಾಳೆ" ಅಂದರು. "ಬಿ", "ಡಿ" ಈಗಲೂ ಅಪರೂಪಕ್ಕೆ ಜಾಗ ಬದಲಿಸುತ್ತವೆ. ನಾನೂ ಪೂರ್ತಿ ಬದಲಾಗಿಲ್ಲ. ಡಿಸೆಂಬರ್‌ನಲ್ಲಿ ಒಂದು ರಿಲೀಸ್ ವಾರ ಎರಡು ದಿನ ಕೂಗಾಡಿದೆ. ಮಾರನೇ ದಿನ ಅಕ್ಕಿ ಡಬ್ಬ ತೆಗೆಯುವಾಗ ಎದೆ ಹೊಡೆದುಕೊಂಡಿತು. ಅಕ್ಕಿ ಮಾತ್ರ ಇತ್ತು. ಆದರೂ ಅವಳ ಹತ್ತಿರ ಹೋಗಿ "ನಿನ್ನೆ ಕೂಗಿದ್ದು ನನ್ನದೇ ತಪ್ಪು ಪುಟ್ಟಾ" ಅಂತ ಹೇಳಿ ಬಂದೆ.

ಕಳೆದ ಗುರುವಾರ ಸಂಜೆ ಒಂದು ಕಾಲ್ ಎಳೆದೂ ಎಳೆದೂ ಏಳೂವರೆ ದಾಟಿತು. ಬಾಗಿಲ ಸಂದಿಯಿಂದ ಒಂದು ಚೀಟಿ ಒಳಗೆ ಬಂತು. ದೊಡ್ಡ ದೊಡ್ಡ ಅಕ್ಷರದಲ್ಲಿ, ಸಾಲು ಮೇಲಕ್ಕೆ ಹತ್ತಿಕೊಂಡು ಹೀಗೆ ಬರೆದಿತ್ತು:

"ಅಮ ಮೀಟಿಂಗ ಮುಗಿತಾ ಕತೆ ಓದಣ ಬಾ ಇವತು ನಾನೆ ಓದತಿನಿ"

ಎಷ್ಟು ತಪ್ಪು ಅಂತ ಕಣ್ಣು ಅಭ್ಯಾಸಬಲದಿಂದ ಎಣಿಸಲು ಹೊರಟಿತು. ಎರಡನ್ನು ಎಣಿಸಿ ನಿಲ್ಲಿಸಿದೆ. ಉಳಿದದ್ದನ್ನು ನಾಳೆ ಕೇಳ್ತೀನಿ ಅಂತ ಕಾಲ್‌ನಲ್ಲಿದ್ದವರಿಗೆ ಹೇಳಿ ಲ್ಯಾಪ್‌ಟಾಪ್ ಮುಚ್ಚಿದೆ. ಚೀಟಿಯನ್ನು ಚಪ್ಪರಕ್ಕೆ ಸಿಕ್ಕಿಸಿ ಅವಳ ಪಕ್ಕದಲ್ಲಿ ಹೋಗಿ ಕೂತೆ.